ಒಂದು ನಿಮಿಷದ ಅರ್ವಿ ಮಾವ

ಸಿಲ್ವಿ ರೌಟಿಯೋ ಅನ್ನುವವಳನ್ನು ಲಂಪಿಲಾ ಹಳ್ಳಿಯಲ್ಲಿ ಯಾರೂ ಸೋಮಾರಿ ಅನ್ನುವಂತಿಲ್ಲ. ಒಂದು ಕೆಲಸ ಒಪ್ಪಿಸಿದರೆ ಮುಗಿಯಿತು, ಅದನ್ನು ಮಾಡಿ ಮುಗಿಸಿ, ಮೇಜು ಒರೆಸಿ, ಕಸ ಹೊರಗೆ ಹಾಕಿದ ಮೇಲೇ ಅವಳು ಕೂರುವುದು. ಆ ಕಸ ಹೊರಗೆ ಹಾಕುವ ಚಾಳಿಯೇ ತನ್ನನ್ನು ಹಾಳು ಮಾಡಿತು ಅಂತ ಈಗ ಅವಳೇ ಹೇಳಿಕೊಳ್ಳುತ್ತಾಳೆ.

ಹಳ್ಳಿಯ ಸಹಕಾರಿ ಅಂಗಡಿ ಬಾಗಿಲು ಹಾಕುವವರೆಗೂ ಸಿಲ್ವಿ ಅಲ್ಲಿಯೇ ದುಡಿದವಳು. ಸಂಬಳ ಗಲ್ಲಾ ನೋಡಿಕೊಳ್ಳುವುದಕ್ಕೆ, ಜೀವ ಮಾತ್ರ ರಸ್ತೆ ಕಡೆಯ ಗಾಜಿನ ಕಿಟಕಿಯಲ್ಲಿ. ಗೋದಾಮಿನಲ್ಲಿ ರಬ್ಬರ್ ಬೂಟು ರಾಶಿ ಬಿದ್ದಿದ್ದರೂ ಕಿಟಕಿಯಲ್ಲಿ ಇಡುತ್ತಿದ್ದದ್ದು ಒಂದೇ ಒಂದು ಜೊತೆ. ಅದರ ಪಕ್ಕದಲ್ಲಿ ಏನೂ ಇಲ್ಲ. ಮ್ಯಾನೇಜರು ಬಂದು, "ಒಳಗೆ ಮಾಲು ಕೊಳೀತಾ ಬಿದ್ದಿದೆ, ನೀನು ನೋಡಿದ್ರೆ ಕಿಟಕಿ ಖಾಲಿ ಬಿಟ್ಟಿದ್ದೀಯಲ್ಲ" ಅಂತ ಗೊಣಗಿದರೆ, "ಎಲ್ಲಾ ತೋರಿಸಿದ್ರೆ ಯಾರೂ ಏನೂ ನೋಡಲ್ಲ" ಅನ್ನುತ್ತಿದ್ದಳು. ಬೂಟುಗಳು ಖರ್ಚಾಗುತ್ತಿದ್ದವು. ಖರ್ಚಾಗದೆ ಉಳಿದದ್ದನ್ನು ವರ್ಷಕ್ಕೊಮ್ಮೆ ಹಿಂದೆ ಮುಂದೆ ನೋಡದೆ ಎತ್ತಿ ಹಾಕಿಬಿಡುತ್ತಿದ್ದಳು. ಹೊಸದು ಬರಬೇಕಾದರೆ ಜಾಗ ಬೇಡವೇ?

ಅಂಗಡಿ ಮುಚ್ಚಿದ ಮೇಲೆ ಸಮುದಾಯ ಭವನದವರು ಅವಳ ಕೊರಳಿಗೆ ತಮ್ಮ ವೆಬ್‌ಸೈಟ್ ಕಟ್ಟಿದರು. ಆಗ ಅದರ ಅವಸ್ಥೆ ಏನು ಕೇಳುತ್ತೀರಿ. ಶನಿವಾರದ ಕಾಫಿ, ಶರತ್ಕಾಲದ ಊಟ, ಯಾರದೋ ಅಂತ್ಯಕ್ರಿಯೆ, ಎಲ್ಲವೂ ಒಂದರ ಕೆಳಗೊಂದು ಉದ್ದೋ ಉದ್ದ ಅಕ್ಷರ. ಫೋಟೋ ಇದ್ದರೆ ಮಗ್ಗುಲಾಗಿ ಮಲಗಿರುತ್ತಿತ್ತು. ನಮ್ಮ ಕಡೆ ಇಂಟರ್ನೆಟ್ ಹಿಮ ಬಿದ್ದ ದಿನ ಇಲ್ಲ, ಬೀಳದ ದಿನ ನಿಧಾನ. ಒಂದು ಫೋಟೋ ಪೂರ್ತಿ ಕಾಣಿಸಿಕೊಳ್ಳುವಷ್ಟರಲ್ಲಿ ಕಾಫಿ ಕಾಸಿ, ಕುಡಿದು, ಲೋಟ ತೊಳೆದಿಡಬಹುದಾಗಿತ್ತು. ಫೋಟೋ ಬಂದ ಮೇಲೂ ಅದರಲ್ಲಿ ಇರುತ್ತಿದ್ದದ್ದು ಯಾರದೋ ಬೆನ್ನು.

ಸಿಲ್ವಿ ಥಂಡರ್ ಬೇ ಪಟ್ಟಣದ ಕಾಲೇಜಿನಲ್ಲಿ ಸಂಜೆ ತರಗತಿಗೆ ಸೇರಿದಳು. ಹೋಗಲಿಕ್ಕೆ ಒಂದು ಗಂಟೆ, ಬರಲಿಕ್ಕೆ ಒಂದು ಗಂಟೆ, ರಸ್ತೆಗೆ ಅಡ್ಡ ಬರುವ ಕುದುರೆ ಗಾತ್ರದ ಮೂಸ್ ಜಿಂಕೆಗಳ ಭಯ ಬೇರೆ. ಪಾಠ ಹೇಳುವ ಹುಡುಗಿ ಹೇಳಿದ್ದೆಲ್ಲ ಅವಳಿಗೆ ಗೊತ್ತಿದ್ದದ್ದೇ ಅನ್ನಿಸಿತು, ಹೆಸರು ಮಾತ್ರ ಹೊಸದು. ಬರಹದ ನೆತ್ತಿಗೆ ಒಂದೇ ಚಿತ್ರ ಹಾಕಿ, ಅದು ಮುಖದ ಚಿತ್ರವಾಗಿರಲಿ. ಹಾಕುವ ಮುಂಚೆ ಅದರ ತೂಕ ಇಳಿಸಿ, ಬೇಗ ತೆರೆದುಕೊಳ್ಳಲಿ. ಚಿತ್ರದ ಕೆಳಗೆ ಒಂದು ಸಾಲು ಬರೆಯಿರಿ, ಜನ ಬರಹ ಬಿಟ್ಟರೂ ಆ ಸಾಲು ಓದುತ್ತಾರೆ. ಕಣ್ಣು ಕಾಣದವರಿಗೆ ಯಂತ್ರ ಓದಿ ಹೇಳಲು ಚಿತ್ರದಲ್ಲಿ ಏನಿದೆ ಎಂದು ಬರೆದಿಡಿ. ವಿಡಿಯೊ ತಾನಾಗಿ ಅರಚಿಕೊಳ್ಳುವುದು ಬೇಡ, ಬೇಕಾದವರು ಒತ್ತಿ ನೋಡಲಿ. ಒಂದು ನಿಮಿಷ ಮೀರಬೇಡಿ. ಸದ್ದಿಲ್ಲದ ಕಡೆಯೆಲ್ಲ ಕತ್ತರಿಸಿ, ಅಲ್ಲೇ ಜನ ಎದ್ದು ಹೋಗುವುದು. ಇನ್ನೊಂದು ಮಾತನ್ನೂ ಆ ಹುಡುಗಿ ಹೇಳಿದ್ದಳು, ಕತ್ತರಿಸುವ ಮುಂಚಿನ ಮೂಲವನ್ನು ಎಂದೂ ಅಳಿಸಬೇಡಿ ಎಂದು. ಸಿಲ್ವಿ ಅದನ್ನು ಕೇಳಿಸಿಕೊಂಡಿದ್ದಳು. ಕೇಳಿಸಿಕೊಳ್ಳಲಿಲ್ಲ ಅಂತ ಅವಳು ಯಾವತ್ತೂ ಅಂದಿಲ್ಲ.

ಒಂದೇ ಚಳಿಗಾಲದಲ್ಲಿ ವೆಬ್‌ಸೈಟ್ ಕಣ್ಣಿಗೆ ಹಬ್ಬವಾಯಿತು. ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡಿನ ಬಗ್ಗೆ ಬರೆದರೆ ಒಲೆಯಿಂದ ಆಗಷ್ಟೇ ಇಳಿಸಿದ ಒಂದೇ ಬ್ರೆಡ್ಡು, ಅದನ್ನು ಹಿಡಿದ ಎರಡು ಮುದಿ ಕೈ. ಎಂದೋ ಊರು ಬಿಟ್ಟು ವ್ಯಾಂಕೂವರ್ ಸೇರಿದವರು, ಅಲ್ಬರ್ಟಾ ಸೇರಿದವರು ಅದನ್ನು ನೋಡಿ ಕಣ್ಣೀರು ಹಾಕಿದ್ದಾಗಿ ಬರೆದರು. ಭವನ ನೋಡಿಕೊಳ್ಳುವ ರೈಮೋ ಮಾತ್ರ ಕಾಲೆಳೆಯುವುದು ಬಿಡಲಿಲ್ಲ. ಅವನು ಸಿಲ್ವಿಯ ಓರಗೆಯವನು, ಶಾಲೆಗೆ ಒಂದೇ ಬಸ್ಸಿನಲ್ಲಿ ಹೋದವರು.

"ಸಿಲ್ವಿ, ಮೊನ್ನೆ ಫೋಟೋದಲ್ಲಿ ನನ್ನ ಹೊಟ್ಟೆ ಕತ್ತರಿಸಿಬಿಟ್ಟಿದ್ದೀಯಲ್ಲ."

"ಹೂಂ. ಅರ್ಧ ಫೋಟೋ ಅದೇ ತುಂಬ್ಕೊಂಡಿತ್ತು."

"ಥ್ಯಾಂಕ್ಸ್ ಮಾರಾಯ್ತಿ. ಡಾಕ್ಟರ ಕೈಯಲ್ಲಿ ಆಗಲಿಲ್ಲ ನೋಡು, ನಿನ್ನ ಕೈಯಲ್ಲಾಯ್ತು."

ಅವಳು ನಕ್ಕಳು. ಆ ದಿನಗಳಲ್ಲಿ ಅವಳಿಗೆ ನಗು ಧಾರಾಳವಾಗಿ ಬರುತ್ತಿತ್ತು.

ಲಂಪಿಲಾದವರ ಅಜ್ಜಂದಿರು ಫಿನ್ಲೆಂಡಿನಿಂದ ಕಾಡು ಕಡಿಯಲು ಬಂದವರು. ಆ ಭಾಷೆ ಮೊಮ್ಮಕ್ಕಳ ಬಾಯಲ್ಲಿ ಸವೆದುಹೋಯಿತು, ಸುಮ್ಮನಿರುವ ಗುಣ ಮಾತ್ರ ಸವೆಯಲಿಲ್ಲ. ಹಳಬರು ಒಂದು ಮಾತಾಡಿ ಇನ್ನೊಂದು ಮಾತಾಡುವ ಹೊತ್ತಿಗೆ ನೀವು ಹೋಗಿ ಒಲೆಗೆ ಕಟ್ಟಿಗೆ ಹಾಕಿ ಬರಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ಹೌದು ಅನ್ನುವುದನ್ನೂ ಅವರು ಉಸಿರು ಹೊರಗೆ ಬಿಟ್ಟು ಅನ್ನುವವರಲ್ಲ, ಉಸಿರನ್ನು ಒಳಕ್ಕೆಳೆದುಕೊಳ್ಳುತ್ತಾ "ಯೋ" ಅನ್ನುತ್ತಾರೆ. ಮಾತಿನಲ್ಲೂ ಅಷ್ಟು ಉಳಿತಾಯ. ಸಿಲ್ವಿ ಹುಟ್ಟಿ ಬೆಳೆದದ್ದು ಇಂಥವರ ನಡುವೆಯೇ. ಸುಮ್ಮನಿದ್ದವರು ಖಾಲಿ ಕೂತಿದ್ದಾರೆ ಅಂತ ಅರ್ಥವಲ್ಲ ಎಂಬುದು ಬೇರೆಯವರಿಗೆ ತಿಳಿಯದಿದ್ದರೂ ಅವಳಿಗೆ ತಿಳಿಯಬೇಕಿತ್ತು.

ಈ ಸುಮ್ಮನಿರುವವರ ಪೈಕಿ ಅರ್ವಿ ಸಾಲ್ಮೆಲಾ ಎಲ್ಲರಿಗಿಂತ ಒಂದು ಕೈ ಮೇಲು. ಮರದ ದಿಮ್ಮಿಗಳನ್ನು ಮೂಲೆಯಲ್ಲಿ ಕಚ್ಚು ಕೊಟ್ಟು ಕೂಡಿಸಿ, ಮೊಳೆ ಹೊಡೆಯದೆ ಸೌನಾ ಕಟ್ಟುತ್ತಿದ್ದ ಮುದುಕ. ಬಿಸಿ ಕಲ್ಲಿನ ಮೇಲೆ ನೀರು ಚೆಲ್ಲಿ ಬೆವರುವ ಆ ಸ್ನಾನದ ಮನೆ ನಮ್ಮಲ್ಲಿ ಯಾರ ಹಿತ್ತಲಿನಲ್ಲಿದ್ದರೂ ಅರ್ಧಕ್ಕರ್ಧ ಅವರೇ ಕಟ್ಟಿದ್ದು. ಅವರನ್ನೂ ಅವರ ಹೆಂಡತಿ ಕೆರ್ತುವನ್ನೂ ಸಿಲ್ವಿ ಚಿಕ್ಕಂದಿನಿಂದ ಮಾವ, ಅತ್ತೆ ಎಂದೇ ಕರೆದವಳು. ರಕ್ತಸಂಬಂಧ ಏನಿಲ್ಲ, ಒಂದೇ ರಸ್ತೆಯ ಎರಡು ಮನೆ ಅಷ್ಟೇ. ಅರ್ವಿ ಮಾವ ಭವನದ ಹಿಂದೆ ತಂದು ನಿಲ್ಲಿಸಲಿಕ್ಕೆಂದು ಕೊನೆಯದಾಗಿ ಒಂದು ಸೌನಾ ಕಟ್ಟುತ್ತಿದ್ದಾರೆ ಅಂತ ಗೊತ್ತಾದಾಗ ಸಿಲ್ವಿ ಕ್ಯಾಮರಾ ಹಿಡಿದು ಅವರ ಅಂಗಳಕ್ಕೆ ಹೋದಳು.

ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಿಸಿಲು ಅವರ ಕೈ ಮೇಲೆ ಬೀಳುವಂತೆ ನೋಡಿಕೊಂಡಳು. ಅವರು ಉಳಿ ಹಿಡಿದರು. ಕೆತ್ತಿದರು. ಒಂದು ಮಾತಾಡಿದರು. ಮತ್ತೆ ತುಂಬಾ ಹೊತ್ತು ಕೆತ್ತಿದರು. ಅಷ್ಟು ಹೊತ್ತಿಗೆ ಕೆರ್ತು ಅತ್ತೆ ಬಾಗಿಲಿಗೆ ಬಂದು ಕಾಫಿ ಆಯಿತು ಅಂತ ಕೂಗಿದರು.

"ನೀನು ಹೋಗು, ನಾನು ಆಮೇಲೆ ಬರ್ತೀನಿ" ಅಂದರು ಅರ್ವಿ ಮಾವ. ಸಿಲ್ವಿ ಕ್ಯಾಮರಾ ನಿಲ್ಲಿಸಲಿಲ್ಲ, ಮತ್ತೆ ಯಾರು ಶುರು ಮಾಡುವುದು ಅಂತ. ಎರಡು ಹೆಜ್ಜೆ ಹೋದವಳನ್ನು ಅವರು ಕರೆದರು.

"ನೀನು ಇಲ್ಲದಿದ್ರೂ ಇದು ಕೇಳಿಸ್ಕೊಳ್ತಾ ಇರುತ್ತಾ?"

"ಕೇಳಿಸ್ಕೊಳ್ತಾ ಇರುತ್ತೆ ಮಾವ. ಆ ಕೆಂಪು ದೀಪ ಉರೀತಿರೋ ತನಕ."

ಅವರು ದೀಪವನ್ನು ನೋಡಿದರು. ಸಂಕೋಚದ ಮುದುಕ, ಯಂತ್ರಕ್ಕೆ ಹೆದರಿದ್ದಾರೆ ಅಂತ ಸಿಲ್ವಿ ಅಂದುಕೊಂಡಳು. ಒಳಗೆ ಹೋಗಿ ಪುಲ್ಲಾ ತಿಂದಳು, ಕೆರ್ತು ಅತ್ತೆಯ ಜೊತೆ ಊರ ಸುದ್ದಿಯೆಲ್ಲ ಮಾತಾಡಿದಳು, ಎರಡನೆಯ ಲೋಟ ಕಾಫಿಯನ್ನೂ ಕುಡಿದಳು. ಹೊರಗೆ ಬಂದಾಗ ಅರ್ವಿ ಮಾವ ದಿಮ್ಮಿಯ ಮೇಲೆ ಸುಮ್ಮನೆ ಕೂತಿದ್ದರು, ಉಳಿ ಪಕ್ಕದಲ್ಲಿತ್ತು. ಕ್ಯಾಮರಾ ಬಿಚ್ಚಿಕೊಂಡು ಮನೆಗೆ ಬಂದಳು.

ಮಾರನೆಯ ದಿನ ಭವನದ ಕಂಪ್ಯೂಟರಿನ ಮುಂದೆ ಕೂತು ಕೆಲಸ ಶುರು ಮಾಡಿದಳು. ವಿಡಿಯೊದ ಸದ್ದು ಪರದೆಯ ಮೇಲೆ ಒಂದು ಗೆರೆಯಾಗಿ ಕಾಣುತ್ತದೆ. ಮಾತಿದ್ದ ಕಡೆ ಗೆರೆ ಗುಡ್ಡದ ಹಾಗೆ ಏಳುತ್ತದೆ, ಸದ್ದಿಲ್ಲದ ಕಡೆ ಮಟ್ಟಸವಾಗಿ ಮಲಗಿರುತ್ತದೆ. ಪಳಗಿದವರು ಪೂರ್ತಿ ಕೇಳುತ್ತಾ ಕೂರುವುದಿಲ್ಲ, ಗೆರೆ ನೋಡಿಯೇ ಕತ್ತರಿಸುತ್ತಾರೆ. ಸಿಲ್ವಿ ಅಷ್ಟು ಹೊತ್ತಿಗೆ ಪಳಗಿದ್ದಳು. ಗುಡ್ಡ ಇಟ್ಟುಕೊಂಡಳು, ಬಯಲು ತೆಗೆದು ಹಾಕಿದಳು. ಅವಳು ಕಾಫಿ ಕುಡಿಯಲು ಒಳಗೆ ಹೋಗಿದ್ದ ಹೊತ್ತಿನದಂತೂ ಒಂದೇ ಉದ್ದನೆಯ ಬಯಲು. ಮನುಷ್ಯ ಚೌಕಟ್ಟಿನ ಅಂಚಿಗೆ ಸರಿದು ಕೂತಿದ್ದಾನೆ, ಅರ್ಧ ಭುಜ ಕಾಣುತ್ತದೆ, ಬೆಳಕೂ ಸರಿಯಿಲ್ಲ. ಅದನ್ನು ಒಂದೇ ಏಟಿಗೆ ಎತ್ತಿ ಹಾಕಿದಳು.

ಉಳಿದ ಒಂದು ನಿಮಿಷ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಉಳಿಯ ತುದಿ, ಹಾರುವ ಚಕ್ಕೆ, ದಿಮ್ಮಿಯ ಮೇಲೆ ದಿಮ್ಮಿ ಕೂರುವಾಗಿನ ಆ ದಪ್ಪ ಸದ್ದು, ನಡುನಡುವೆ ಅರ್ವಿ ಮಾವನ ಮಾತು ಪಟಪಟನೆ ಒಂದರ ಹಿಂದೆ ಒಂದು. ಕೆಳಗೆ ಅಕ್ಷರದಲ್ಲೂ ಮಾತು ಮೂಡುವಂತೆ ಮಾಡಿದಳು. ಒತ್ತುವ ಮುಂಚೆ ಕಾಣಲು ಕೈಗಳ ಚಿತ್ರ ಹಾಕಿದಳು. ಆ ವಿಡಿಯೊ ಲಂಪಿಲಾ ಬಿಟ್ಟು, ದೇಶ ಬಿಟ್ಟು, ಫಿನ್ಲೆಂಡಿನವರೆಗೂ ಹೋಯಿತು. ವೆಬ್‌ಸೈಟಿಗೆ ಅಷ್ಟು ಜನ ಹಿಂದೆಂದೂ ಬಂದಿರಲಿಲ್ಲ. ಅದೇ ವಾರ ಶರತ್ಕಾಲದ ಊಟ ಇತ್ತು, ಕ್ಯಾಮರಾದಲ್ಲಿ ಜಾಗ ಬೇಕಿತ್ತು. ಸಿಲ್ವಿ ಕ್ಯಾಮರಾ ಖಾಲಿ ಮಾಡಿದಳು, ಕಂಪ್ಯೂಟರನ್ನೂ ಖಾಲಿ ಮಾಡಿದಳು.

ಅರ್ವಿ ಮಾವ ವಿಡಿಯೊ ನೋಡಿದ್ದು ಒಂದು ಶನಿವಾರ, ಭವನದಲ್ಲಿ, ಕಾಫಿ ಹೊತ್ತಿನಲ್ಲಿ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನೋಡಿದರು. ಮುಗಿದ ಮೇಲೂ ಪರದೆ ನೋಡುತ್ತಾ ಇದ್ದರು.

"ಇಷ್ಟೇನಾ?"

"ಇಷ್ಟೇ ಮಾವ. ಇದಕ್ಕಿಂತ ಉದ್ದ ಆದ್ರೆ ಯಾರೂ ನೋಡಲ್ಲ."

"ಉಳಿದದ್ದು ಎಲ್ಲರಿಗೂ ತೋರಿಸಲ್ಲ ಹಾಗಾದ್ರೆ?"

"ಅಯ್ಯೋ, ಇಲ್ಲ ಮಾವ."

"ಯೋ" ಅಂದರು ಅವರು, ಉಸಿರು ಒಳಕ್ಕೆಳೆದುಕೊಂಡು. ಮುಖದಲ್ಲಿ ಒಂದು ಸಮಾಧಾನ ಕಂಡಿತು. ವಿಡಿಯೊ ಮೆಚ್ಚಿದರು ಅಂತ ಸಿಲ್ವಿ ಹಿಗ್ಗಿದಳು. ಎಂಥಾ ಪೆದ್ದಿ ನಾನು ಅಂತ ಆ ಗಳಿಗೆಯನ್ನು ಅವಳು ಎಷ್ಟು ಸಲ ನೆನೆದಿದ್ದಾಳೋ.

ಹಿಮ ಕರಗುವ ಮುಂಚೆಯೇ ಅರ್ವಿ ಮಾವ ಹೋದರು. ಎದೆನೋವು ಅಂತ ಥಂಡರ್ ಬೇಯ ಆಸ್ಪತ್ರೆಗೆ ಸೇರಿಸಿದ್ದರು, ವಾರ ಕಳೆಯಲಿಲ್ಲ. ಅಂತ್ಯಕ್ರಿಯೆಯ ನಂತರ ಎಲ್ಲರೂ ಭವನದಲ್ಲಿ ಕಾಫಿಗೆ ಕೂತಾಗ ಸಿಲ್ವಿ ಬಿಳಿ ಗೋಡೆಯ ಮೇಲೆ ಆ ವಿಡಿಯೊ ದೊಡ್ಡದಾಗಿ ಹಾಕಿದಳು. ಗಂಡಸರು ಕೆಮ್ಮಿದರು, ಹೆಂಗಸರು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ಕೆರ್ತು ಅತ್ತೆ ಮಾತ್ರ ವಿಡಿಯೊ ಮುಗಿದ ಮೇಲೂ ಗೋಡೆಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಸಿಲ್ವಿಯ ತೋಳು ಹಿಡಿದು ಬಗ್ಗಿಸಿಕೊಂಡರು.

"ಇದು ಜನಕ್ಕೆ ಮಾಡಿದ್ದು, ಗೊತ್ತು. ನನ್ನದು ಯಾವಾಗ ಕೊಡ್ತೀಯ?"

"ನಿಮ್ಮದು ಯಾವುದು ಅತ್ತೆ?"

"ಆಸ್ಪತ್ರೆಯಲ್ಲಿ ಹೇಳಿದ್ರು ಅವರು. ನಿನಗೆ ಹೇಳಬೇಕಾದ್ದನ್ನ ಸಿಲ್ವಿಯ ಯಂತ್ರಕ್ಕೆ ಹೇಳಿಟ್ಟಿದ್ದೀನಿ, ನಾನು ಹೋದ ಮೇಲೆ ಇಸ್ಕೊಂಡು ಕೇಳು ಅಂತ." ಅವರ ಮುಖ ಸ್ವಲ್ಪ ಕೆಂಪಾಯಿತು, ಎಂಬತ್ತು ದಾಟಿದ ಹೆಂಗಸಿನ ಮುಖ. "ಮದುವೆಯಾದಾಗಿಂದ ಆ ಮನುಷ್ಯ ನನ್ನ ಹತ್ರ ಆಡಿದ್ದು ಕಟ್ಟಿಗೆ ಒಣಗಿದೆಯಾ, ನೀರು ಕಾದಿದೆಯಾ, ಇಷ್ಟೇ ಕಣೇ. ಅದೇನು ಹೇಳಿದ್ದಾರೋ ನೋಡೋಣ. ಇಲ್ಲಿ ಎಲ್ಲರ ಮುಂದೆ ಬೇಡ, ಮನೆಗೆ ತಗೊಂಡು ಬಾ."

ಅದು ಅಳಿಸಿಹೋಗಿದೆ ಅಂತ ಸಿಲ್ವಿಗೆ ಗೊತ್ತಿತ್ತು. ಆಗಲೇ ಹೇಳಿಬಿಡಬಹುದಾಗಿತ್ತು. ಬಾಯಿಗೆ ಬಂದದ್ದು "ತರ್ತೀನಿ ಅತ್ತೆ" ಎಂಬ ಮಾತು.

ಆ ರಾತ್ರಿ ಅವಳಿಗೆ ನಿದ್ದೆ ಬಂತೋ ಇಲ್ಲವೋ, ಬೆಳಿಗ್ಗೆ ರೈಮೋನ ಗಾಡಿಯಲ್ಲಿ ಕ್ಯಾಮರಾ, ಕಂಪ್ಯೂಟರು ಎರಡನ್ನೂ ಹೇರಿಕೊಂಡು ಪಟ್ಟಣಕ್ಕೆ ಹೊರಟಳು. ಅಳಿಸಿದ್ದನ್ನು ಮರಳಿ ತೆಗೆದುಕೊಡುವ ರಿಪೇರಿಯವನೊಬ್ಬ ಇದ್ದ. ಅವನು ಸಂಜೆಯವರೆಗೂ ತಡಕಾಡಿದ. ಸಿಕ್ಕಿದ್ದು ಶರತ್ಕಾಲದ ಊಟ, ಅದರ ಮೇಲೆ ಕ್ರಿಸ್‌ಮಸ್, ಅದರ ಮೇಲೆ ಮಕ್ಕಳ ಸ್ಕೀ ಓಟ. "ಅದೇ ಜಾಗಕ್ಕೆ ಒಂದರ ಮೇಲೊಂದು ತುಂಬಿಬಿಟ್ಟಿದ್ದೀರಿ, ಅದರ ಕೆಳಗಿದ್ದದ್ದು ಹೋಯ್ತು" ಅಂದ. ಪಾಪ, ಅವನು ದುಡ್ಡೂ ತೆಗೆದುಕೊಳ್ಳಲಿಲ್ಲ.

ವಾಪಸು ಬರುವಾಗ ರೈಮೋ ಹೇಳಿದ, "ಏನಾದ್ರೂ ಒಳ್ಳೇದು ಅಂದ್ರು ಅಂತ ನೀನೇ ಹೇಳಿಬಿಡು. ನಿನ್ನಂಥ ಹೆಂಡ್ತಿ ಸಿಕ್ಕಿದ್ದು ನನ್ನ ಪುಣ್ಯ ಅಂದ್ರು ಅಂತ."

"ಅರ್ವಿ ಮಾವನಾ? ಪುಣ್ಯ ಅಂದ್ರಾ? ಅತ್ತೆ ನಂಬ್ತಾರಾ?"

ರೈಮೋ ಯೋಚನೆ ಮಾಡಿದ. "ನಂಬಲ್ಲ" ಅಂತ ಒಪ್ಪಿಕೊಂಡ. "ಆದ್ರೂ ಕೇಳಿಸ್ಕೊಳ್ತಾರೆ."

ಈ ಮಾತು ಸಿಲ್ವಿಯ ತಲೆಯಲ್ಲಿ ಹುಳದ ಹಾಗೆ ಕೊರೆಯಿತು. ಕೆಲವು ದಿನ ಅತ್ತೆಯ ಮನೆ ಮುಂದೆ ಹಾದುಹೋಗುವಾಗ ಮುಖ ಆ ಕಡೆ ತಿರುಗಿಸಿಕೊಂಡಳು. ಸುಳ್ಳನ್ನು ಸಿದ್ಧಪಡಿಸಿಯೂ ನೋಡಿದಳು. ಅದರ ಒಂದೊಂದು ಮಾತೂ ಅವಳದೇ ಆಗಿತ್ತು, ಕಿಟಕಿಯಲ್ಲಿ ಇಟ್ಟ ಬೂಟಿನ ಹಾಗೆ ಒಪ್ಪವಾಗಿತ್ತು. ಅರ್ವಿ ಮಾವನ ಒಂದು ಮಾತು ಕತ್ತರಿಸಿದ್ದು ಸಾಲದೆಂದು ಅವರ ಬಾಯಿಗೆ ತನ್ನ ಮಾತು ತುರುಕುವುದೇ? ಛೀ, ಅನ್ನಿಸಿತು. ಕೊನೆಗೆ ಒಂದು ಮಧ್ಯಾಹ್ನ ಬರಿಗೈಯಲ್ಲಿ ಹೋಗಿ ಬಾಗಿಲು ತಟ್ಟಿದಳು.

ಕೆರ್ತು ಅತ್ತೆ ಅವಳು ಬರುವುದನ್ನು ಕಿಟಕಿಯಿಂದಲೇ ನೋಡಿ ಒಳ್ಳೆಯ ಅಂಗಿ ಹಾಕಿಕೊಂಡಿದ್ದರು, ಕತ್ತಿನ ಗುಂಡಿ ಇನ್ನೂ ಹಾಕುತ್ತಿದ್ದರು. ಮೇಜಿನ ಮೇಲಿದ್ದದ್ದನ್ನೆಲ್ಲ ಸರಿಸಿ ಜಾಗ ಮಾಡಿದರು.

"ಎಲ್ಲಿ, ಯಂತ್ರ?"

"ಅತ್ತೆ, ಇಲ್ಲ ಅದು."

"ಮರೆತು ಬಂದ್ಯಾ?"

"ಅಳಿಸಿಬಿಟ್ಟಿದ್ದೀನಿ. ಆ ವಾರವೇ. ಕೇಳಿಸ್ಕೊಳ್ಳೋಕೂ ಹೋಗಲಿಲ್ಲ. ಏನೂ ಇಲ್ಲ ಅಂದ್ಕೊಂಡು ಕತ್ತರಿಸಿ ಹಾಕಿದೆ." ಅಳಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅಳು ಬಂದೇ ಬಂತು. "ಪಟ್ಟಣದವರೆಗೂ ಹೋಗಿ ಹುಡುಕಿಸಿದೆ. ಸಿಗಲಿಲ್ಲ. ಅದು ಇನ್ನು ಸಿಗಲ್ಲ ಅತ್ತೆ."

ಅತ್ತೆ ಹೋಗಿ ಒಲೆ ಹಚ್ಚಿದರು, ಕಾಫಿಗೆ ನೀರಿಟ್ಟರು, ಒಲೆಯ ಮುಂದೆಯೇ ಬೆನ್ನು ಹಾಕಿ ನಿಂತರು. ಬೈಯಲಿ ಅಂತ ಸಿಲ್ವಿ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನೀರು ಕುದಿಯತೊಡಗಿತು.

"ಏನೂ ಇಲ್ಲ ಅಂತ ಹೇಗೆ ಗೊತ್ತಾಯ್ತು ನಿನಗೆ, ಕೇಳದೆ?" ಅತ್ತೆ ತಿರುಗದೆಯೇ ಕೇಳಿದರು.

"ಸದ್ದು ಗೆರೆ ಥರ ಕಾಣ್ಸುತ್ತೆ ಅತ್ತೆ. ಮಾತಾಡಿದ್ರೆ ಮೇಲೇಳುತ್ತೆ. ಅಲ್ಲಿ ಮಟ್ಟಸವಾಗಿತ್ತು."

"ಪೂರ್ತಿ ಮಟ್ಟಸವಾ?"

ಸಿಲ್ವಿ ಹೌದು ಅನ್ನಲು ಬಾಯಿ ತೆರೆದಳು. ಆ ಗೆರೆ ಈಗ ಕಣ್ಣ ಮುಂದೆ ಬಂತು, ಅಷ್ಟುದ್ದ ಮಲಗಿದ್ದದ್ದು ಕೊನೆಯ ಹೊತ್ತಿಗೆ ಒಂದಿಷ್ಟು ಮಿಸುಕಿತ್ತು. ಗುಡ್ಡ ಅಂತ ಹೇಳುವಷ್ಟು ಏನಲ್ಲ. ಆವತ್ತೂ ಅವಳು ಅದನ್ನು ಕಂಡಿದ್ದಳು.

"ಕೊನೆಯಲ್ಲಿ ಸ್ವಲ್ಪ ಅಲ್ಲಾಡಿತ್ತು" ಅಂದಳು. "ತುಂಬಾ ಸಣ್ಣಗೆ. ಗಾಳಿ ಸದ್ದು ಅಂದ್ಕೊಂಡೆ ಅತ್ತೆ."

ಕೆರ್ತು ಅತ್ತೆ ಕಾಫಿ ತಂದು ಅವಳ ಮುಂದಿಟ್ಟರು. ಎದುರಿನ ಕುರ್ಚಿಯಲ್ಲಿ ಕೂತು, ಅಂಗಳದ ಕಡೆ ನೋಡಿದರು.

"ಆವತ್ತು ಗಾಳಿ ಇರಲಿಲ್ಲ ಸಿಲ್ವಿ. ಹಾಸಿಗೆ ಬಟ್ಟೆಯೆಲ್ಲ ಒಗೆದು ಹೊರಗೆ ಹಗ್ಗಕ್ಕೆ ಹಾಕಿದ್ದೆ. ಒಂದೂ ಅಲ್ಲಾಡಲಿಲ್ಲ, ಸಂಜೆಗೆ ಹಸಿಯಾಗೇ ಒಳಗೆ ತಂದೆ."